ತೊಂಬತ್ತಾರು ಗುಳಿಯ ತಟ್ಟೆ

ಜುಲೈ 3, 2007

ಇವತ್ತು ಅವನ್ನು ಕಣ್ಣಾರೆ ನೋಡಿದೆ. ನನ್ನ ತಂಗಿ ಮುತ್ತವ್ವನನ್ನು ತಿಂದದ್ದು ಇವೇ.

ಹನ್ನೊಂದು ವರ್ಷ ಈ ಕಾಲೇಜಿನ ಕೆಳಗಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಜು ತೊಳೆದೆ. ಹೋದ ತಿಂಗಳು ಮೇಲಿನ ಮಹಡಿಗೆ ಹಾಕಿದರು. ಇಲ್ಲೊಂದು ಕೋಣೆಯಿದೆ. ಚಪ್ಪಲಿ ಹೊರಗೆ ಬಿಟ್ಟು, ಕೈಗೆ ಸ್ಪಿರಿಟ್ ಸವರಿಕೊಂಡೇ ಒಳಗೆ ಹೋಗಬೇಕು. ಒಳಗೆ ಕ್ಯಾನ್ಸರ್ ಸಾಕಿದ್ದಾರೆ. ಜನ ಕೋಳಿ ಸಾಕುತ್ತಾರೆ, ಕುರಿ ಸಾಕುತ್ತಾರೆ. ಇವರು ಇದನ್ನು ಸಾಕುತ್ತಾರೆ. ನಮ್ಮ ಮೈ ಎಷ್ಟು ಬೆಚ್ಚಗಿರುತ್ತದೋ ಅಷ್ಟೇ ಬೆಚ್ಚಗಿನ ಒಂದು ಪೆಟ್ಟಿಗೆ, ಅದರೊಳಗೆ ಚಪ್ಪಟೆ ಫ್ಲಾಸ್ಕುಗಳು, ಫ್ಲಾಸ್ಕಿನೊಳಗೆ ಗುಲಾಬಿ ಬಣ್ಣದ ನೀರು. ಆ ನೀರೇ ಅವುಗಳ ಊಟ. ಎರಡು ದಿನಕ್ಕೊಮ್ಮೆ ಹಳೆಯದು ಚೆಲ್ಲಿ ಹೊಸದು ಬಡಿಸುತ್ತಾರೆ. ಮುತ್ತವ್ವನಿಗೆ ಕೊನೆಯ ತಿಂಗಳು ಎರಡು ಚಮಚ ಗಂಜಿಯೂ ಇಳಿಯುತ್ತಿರಲಿಲ್ಲ.

ಪಿಎಚ್‌ಡಿ ಮಾಡುವ ಹುಡುಗಿ ಹೇಮಶ್ರೀ ತಾನಾಗಿಯೇ ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದಳು. ಅಂಗಳಕ್ಕೆ ಕಲ್ಲು ಹಾಸಿದ ಹಾಗೆ ಒತ್ತೊತ್ತಾಗಿ ಕೂತಿದ್ದವು.

"ಇವು ಎದೆ ಕ್ಯಾನ್ಸರಿನವಾ?" ಅಂದೆ.

"ಹೂಂ ಶಿವಕ್ಕ. ಹೆದರ್ಬೇಡಿ, ಅಂಟೋದಿಲ್ಲ."

"ನಾನ್ಯಾಕೆ ಹೆದರ್ಲಿ. ಅವೇ ನನಗೆ ಹೆದರ್ಬೇಕು."

ಆಕೆ ನಕ್ಕಳು. ನಾನು ನಗಲಿಲ್ಲ.

ಇದು ಕೆಮಿಕಲ್ ಕಂಪನಿಯವರು ಕೊಟ್ಟಿದ್ದ ಹೋದ ವರ್ಷದ ಡೈರಿ. ವಾರ ಹೊಂದುವುದಿಲ್ಲ, ಅದನ್ನು ಹೊಡೆದುಹಾಕಿ ತಾರೀಖು ಮಾತ್ರ ಇಟ್ಟುಕೊಂಡಿದ್ದೇನೆ. ನಾನು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು ಓದಿದವಳು. ತಪ್ಪಿದ್ದರೆ ಓದುವವರು ಯಾರೂ ಇಲ್ಲ.

ಜುಲೈ 6

ಎಲ್ಲರ ಮುಂದೆ ಹೇಮಶ್ರೀಯನ್ನು ಮೇಡಂ ಅನ್ನುತ್ತೇನೆ, ಇಬ್ಬರೇ ಇದ್ದಾಗ ಹೇಮಾ. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ಕೇಳಿದೆ, ಇವನ್ನು ಸಾಕಿ ಏನು ಮಾಡ್ತೀಯಾ ಹೇಮಾ ಎಂದು.

"ಸಾಯಿಸ್ತೀನಿ," ಅಂದಳು.

ಆ ಒಂದು ಮಾತಿಗೇ ಆ ಹುಡುಗಿಯ ಮೇಲೆ ನನಗೆ ಪ್ರೀತಿ ಬಂತು.

ಅವಳು ಹೇಳಿದ್ದನ್ನು ನೆನಪಿದ್ದಷ್ಟು ಬರೆದಿಡುತ್ತೇನೆ. ನಮ್ಮ ಮೈಯಲ್ಲಿರುವ ಒಂದೊಂದು ಜೀವಕೋಶಕ್ಕೂ ಸಾಯುವ ರೀತಿ ಒಳಗೇ ಬರೆದಿರುತ್ತದಂತೆ. ಕೆಟ್ಟುಹೋದರೆ, ಕಾಲ ಮುಗಿದರೆ, ತಾನೇ ಮುದುಡಿ ತಾನೇ ಚೂರಾಗುತ್ತದೆ. ಪಕ್ಕದವು ಆ ಚೂರು ತಿಂದು ಜಾಗ ಚೊಕ್ಕಟ ಮಾಡುತ್ತವೆ. ಸದ್ದಿಲ್ಲ, ಗದ್ದಲವಿಲ್ಲ.

"ಇವಕ್ಕೆ?"

"ಇವು ಸಾಯೋದನ್ನ ಮರೆತಿವೆ ಶಿವಕ್ಕ. ನಾವು ನೆನಪು ಮಾಡ್ಬೇಕು."

ಅದಕ್ಕೆ ಒಂದು ಕಾಡುಗಿಡದ ಬೇರಿನ ರಸ. ಕೋಶದ ಒಳಗೆ ಉಸಿರಿನ ಗಾಳಿ ಉರಿಯುವಾಗ ಕಿಡಿ ಹಾರುತ್ತವಂತೆ, ನಮ್ಮ ಸೌದೆ ಒಲೆಯಲ್ಲಿ ಹಾರುವ ಹಾಗೆ. ನಾಲ್ಕು ಕಿಡಿಯಾದರೆ ಕೋಶವೇ ಆರಿಸಿಕೊಳ್ಳುತ್ತದೆ. ಬೇರಿನ ರಸ ಹಾಕಿದರೆ ಕಿಡಿ ಹೆಚ್ಚುತ್ತವೆ. ಆರಿಸಲಾಗದಷ್ಟು ಹೆಚ್ಚಿದಾಗ ಅವಕ್ಕೆ ಸಾವು ನೆನಪಾಗುತ್ತದೆ. ಆಸ್ಪತ್ರೆಯ ಕೆಲವು ಕೀಮೋ ಔಷಧಿಗಳೂ ಇದೇ ಥರ ಕಿಡಿ ಎಬ್ಬಿಸುತ್ತವೆ ಅಂದಳು.

"ಅಂದ್ರೆ ಸುಟ್ಕೊಂಡು ಸಾಯ್ತವೆ."

"ಸುಡೋದು ಅಂತಲ್ಲ ಶಿವಕ್ಕ, ಅದು—"

"ಇರ್ಲಿ ಬಿಡು. ನನಗೆ ಸುಟ್ಕೊಂಡು ಅಂದ್ಕೊಂಡ್ರೇ ಸಮಾಧಾನ."

ನಮ್ಮಲ್ಲಿ ಮನುಷ್ಯರು ಸತ್ತರು ಅನ್ನುವುದಿಲ್ಲ, ಲಿಂಗೈಕ್ಯರಾದರು ಅನ್ನುತ್ತೇವೆ. ಇವಕ್ಕೆ ಆ ಮಾತು ದಂಡ. ಇವು ಸಾಯಲಿ.

ಜುಲೈ 12

ಇವತ್ತು ಸತ್ತವು.

ಅಳಗುಳಿ ಮಣೆಯ ಹಾಗೆ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ, ಅಂಗೈಯಗಲ. ಎಣಿಸಿದೆ, ತೊಂಬತ್ತಾರು ಗುಳಿ. ಒಂದೊಂದರಲ್ಲೂ ಕ್ಯಾನ್ಸರ್ ಬಿತ್ತಿ, ರಸ ಹಾಕಿ, ಎರಡು ದಿನ ಬಿಟ್ಟು, ಕೊನೆಗೆ ಹಳದಿ ಬಣ್ಣದ ನೀರು ಹಾಕುತ್ತಾರೆ. ಬದುಕಿದ್ದರೆ ಅವು ಆ ಹಳದಿಯನ್ನು ನೇರಳೆ ಮಾಡುತ್ತವೆ. ಸತ್ತಿದ್ದರೆ ಹಳದಿ ಹಳದಿಯಾಗಿಯೇ ಇರುತ್ತದೆ. ಎಡಗಡೆ ರಸ ಹಾಕದ ಸಾಲುಗಳು ಕಡು ನೇರಳೆ. ಬಲಕ್ಕೆ ಹೋದ ಹಾಗೆ ತಿಳಿಯಾಗುತ್ತ, ಕೊನೆಯ ಮೂರು ಸಾಲು ಬರೀ ಹಳದಿ. ನೋಡಿ ಹೊಟ್ಟೆ ತಣ್ಣಗಾಯಿತು. ಬಳಸಿದ ತಟ್ಟೆಗಳಿಗೆ ಬ್ಲೀಚ್ ಸುರಿಯುವುದು ನನ್ನ ಕೆಲಸ. ಇವತ್ತು ಬೇಕಾದ್ದಕ್ಕಿಂತ ಎರಡರಷ್ಟು ಸುರಿದೆ.

ನೆಲ ಒರೆಸುವ ಪುಟ್ಟಲಕ್ಷ್ಮಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ದೀಪಾಂಜಲಿ ನಗರದವಳು, ಕಂಟ್ರಾಕ್ಟಿನವಳು, ಬಾಯಿ ಜೋರು.

"ಅಕ್ಕಾ, ದೇವಸ್ಥಾನದ ಗರ್ಭಗುಡಿಗೂ ಇಷ್ಟು ಮಡಿ ಇಲ್ಲ ಕಣಕ್ಕ. ನನ್ ಗಂಡ ಇದ್ರಲ್ಲಿ ಕಾಲು ಭಾಗ ಮಡಿಯಾಗಿದ್ದಿದ್ರೆ ನಾನು ಇಲ್ಲಿ ಯಾಕೆ ನೆಲ ಒರೆಸ್ತಿದ್ದೆ."

ಅವಳು ಹೇಳಿದ್ದು ನಿಜ. ಇದು ಮಡಿಯೇ. ಇಲ್ಲಿನ ಮಡಿಯನ್ನು ನನ್ನಷ್ಟು ಚೆನ್ನಾಗಿ ಯಾರೂ ಕಾಯುವುದಿಲ್ಲ. ಪದ್ಮನಾಭ ಸರ್, ಹೇಮಾಳ ಗೈಡು, ಅವರೇ ಹಾಗೆ ಹೇಳಿದ್ದಾರೆ.

ಜುಲೈ 19

ಇದನ್ನು ಬರೆದೇ ತೀರುತ್ತೇನೆ.

ಇವತ್ತಿನ ತಟ್ಟೆಯಲ್ಲಿ ಬಲಗಡೆಯ ಮೂರು ಸಾಲೂ ಹಳದಿ ಇರಬೇಕಿತ್ತು. ಎರಡು ಸಾಲು ಹಳದಿ, ಒಂದು ಸಾಲು ನೇರಳೆ.

"ಇವು ಯಾಕೆ ಸಾಯ್ಲಿಲ್ಲ? ರಸ ಹಾಕ್ಲಿಲ್ವಾ?"

"ಹಾಕಿದೀನಿ. ಜೊತೆಗೆ ಆಂಟಿಆಕ್ಸಿಡೆಂಟ್ ಹಾಕಿದೀನಿ." ಹೇಮಾ ಖುಷಿಯಾಗಿದ್ದಳು. "ಅದು ಕಿಡಿ ಆರಿಸತ್ತೆ. ಕಿಡಿ ಆರಿದ್ರೆ ಇವು ಬದುಕ್ಕೊಳ್ತವೆ. ಅಂದ್ರೆ ರಸ ಕೊಲ್ಲೋದು ಕಿಡಿಯಿಂದಲೇ ಅಂತ ಪ್ರೂಫ್ ಆಯ್ತಲ್ಲ ಶಿವಕ್ಕ."

ಆ ಹೆಸರು ನನಗೆ ಗೊತ್ತು. ಮುತ್ತವ್ವನಿಗೆ ಕೊಟ್ಟ ಹಣ್ಣಿನ ರಸದ ಬಾಟಲಿಯ ಜೊತೆಗಿದ್ದ ಕನ್ನಡದ ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿತ್ತು: ಆಂಟಿಆಕ್ಸಿಡೆಂಟ್‌ಗಳ ಖಜಾನೆ.

ತೊಳೆಯುವ ಕೋಣೆಗೆ ಬಂದು ನಲ್ಲಿ ಬಿಟ್ಟುಕೊಂಡು ನಿಂತೆ.

ಜುಲೈ 20

ಗಿರಿಜಾದೇವಿ. ಹೆಸರು ಬರೆದಿದ್ದೇನೆ.

ವಿಜಯನಗರದಲ್ಲಿ ಅವಳ ಮನೆ, ಗಂಡ ರಿಟೈರಾದ ಇಂಜಿನಿಯರು. ನಮ್ಮ ಅಕ್ಕನ ಬಳಗಕ್ಕೆ ಅವಳೇ ಅಧ್ಯಕ್ಷೆ. ಪ್ರತಿ ಸೋಮವಾರ ಅವಳ ಮನೆಯ ಹಜಾರದಲ್ಲಿ ನಾವು ಮೂವತ್ತು ಹೆಂಗಸರು ಸೇರಿ ವಚನ ಹಾಡುತ್ತೇವೆ. ಹಾಡು ಮುಗಿದ ಮೇಲೆ ಅವಳು ಒಳಗಿಂದ ಬಾಟಲಿ ತಂದು, ಯಾರಿಗೆ ಬೇನೆಯಿದೆಯೋ ಅವರ ಪಕ್ಕ ಕೂರುತ್ತಾಳೆ. ಅದು ಯಾವುದೋ ದ್ವೀಪದ ಹಣ್ಣಿನ ರಸವಂತೆ. ಅಂಗಡಿಯಲ್ಲಿ ಸಿಗುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಸರಪಳಿಯಲ್ಲಿ ಮಾರಾಟವಾಗುತ್ತದೆ.

ಹೋದ ವರ್ಷ ಮುತ್ತವ್ವ ಕೀಮೋ ಮಾಡಿಸಿಕೊಳ್ಳಲು ಹಿರೇಕೆರೂರು ಕಡೆಯಿಂದ ಬಂದು ನಮ್ಮ ಗೋವಿಂದರಾಜನಗರದ ಮನೆಯಲ್ಲಿದ್ದಳು. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಅವ್ವ ಹೋದ ಮೇಲೆ ಸೊಂಟದ ಮೇಲೆ ಹೊತ್ತು ಬೆಳೆಸಿದ್ದೆ. ಗಿರಿಜಾದೇವಿ ಅವಳಿಗೆ ಆರು ಬಾಟಲಿ ಕುಡಿಸಿದಳು. ಆಸ್ಪತ್ರೆಯ ಔಷಧಿ ಒಳಗೆ ಕಿಡಿ ಹಚ್ಚಿತು, ಗಿರಿಜಾದೇವಿ ನೀರು ಸುರಿದಳು. ಹಚ್ಚಿದ್ದನ್ನೆಲ್ಲ ಆರಿಸಿದಳು. ಆಸ್ಪತ್ರೆಯಲ್ಲಿ ನಮಗೆ ಯಾರೂ ಹೇಳಲಿಲ್ಲ. ನಮ್ಮಂಥವರಿಗೆ ಹೇಗೆ ಗೊತ್ತಾಗಬೇಕು.

ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತರೂ ದೃಷ್ಟಿ ನಿಲ್ಲಲಿಲ್ಲ. ಅವಳ ಮುಖವೇ ಕಂಡಿತು, ಆ ಮೂಗುಬೊಟ್ಟು, ಆ ಮೆತ್ತನೆ ಮಾತು. ಶಿವನೇ, ನಿನ್ನ ಕೈಯಲ್ಲಿ ಆಗದಿದ್ದರೆ ನನ್ನ ಕೈಗೆ ಕೊಡು ಅಂದೆ.

ಜುಲೈ 23

ಬಳಗಕ್ಕೆ ಹೋಗಿದ್ದೆ. ಮುಂದಿನ ಸಾಲಿನಲ್ಲೇ ಕೂತು ಅವಳನ್ನು ನೋಡುತ್ತಿದ್ದೆ.

"ಶಿವಕ್ಕ, ಮಂಡಿ ನೋವು ಅಂತಿದ್ರಲ್ಲ," ಎಂದು ನನ್ನ ಪಕ್ಕವೇ ಬಂದು ಕೂತಳು. "ಬೆಳಿಗ್ಗೆ ಖಾಲಿ ಹೊಟ್ಟೇಲಿ ಎರಡು ಚಮಚ ತಗೊಂಡ್ ನೋಡಿ. ನಮ್ಮನೆಯವರು ಈಗ ಮಹಡಿ ಹತ್ತಿ ಇಳೀತಾರೆ."

"ಕ್ಯಾನ್ಸರಿಗೂ ಒಳ್ಳೇದಾ ಅಕ್ಕಾರೆ?"

ಅವಳು ನನ್ನ ಕೈ ಹಿಡಿದುಕೊಂಡಳು. "ಮುತ್ತವ್ವನ ನೆನಪಾಯ್ತಾ?"

ಕೈ ಬಿಡಿಸಿಕೊಳ್ಳಲಿಲ್ಲ. ಹಿಡಿದುಕೊಳ್ಳಲಿ. ಶ್ರಾವಣದ ಸೋಮವಾರ ಇಡೀ ಬಡಾವಣೆಯ ಹೆಂಗಸರು ಬರುತ್ತಾರೆ. ಅವತ್ತು ಎಲ್ಲರ ಮುಂದೆ ಎದ್ದು ನಿಲ್ಲುತ್ತೇನೆ. ಬರೀ ಬಾಯಿಮಾತು ಸಾಲದು. ಅವಳದೇ ರಸ ಹಾಕಿದ ಕ್ಯಾನ್ಸರ್ ಬದುಕಿ ನೇರಳೆಯಾದದ್ದನ್ನು ಫೋಟೋ ಹಿಡಿಸಿ ಅವಳ ಮುಖಕ್ಕೆ ಹಿಡಿಯಬೇಕು.

ಮುತ್ತವ್ವನ ಆರನೇ ಬಾಟಲಿ ಇನ್ನೂ ನಮ್ಮ ದೇವರ ಗೂಡಿನಲ್ಲಿದೆ, ವಿಭೂತಿ ಗಟ್ಟಿಯ ಪಕ್ಕ. ಅರ್ಧ ಉಳಿದಿದೆ. ಅದನ್ನು ಕುಡಿದು ಮುಗಿಸಲು ಅವಳಿಗೆ ದಿನ ಸಾಲಲಿಲ್ಲ.

ಜುಲೈ 26

ಹೇಮಾಳನ್ನು ಕೇಳಿದೆ. ಎಲ್ಲ ಹೇಳಿಕೊಂಡು ಕೇಳಿದೆ.

"ಆಗಲ್ಲ ಶಿವಕ್ಕ. ಡಿಸೆಂಬರಿಗೆ ನನ್ನ ಫೆಲೋಶಿಪ್ ಮುಗಿಯತ್ತೆ. ಇದೇ ಪ್ರಯೋಗ ಇನ್ನೆರಡು ಸಲ ಮಾಡಿ ಒಂದೇ ಉತ್ತರ ಬರ್ಬೇಕು, ಆಮೇಲೆ ಥೀಸಿಸ್. ಜೊತೆಗೆ ಆ ಬಾಟಲಿ ತೆರೆದು ವರ್ಷ ಆಯ್ತು, ಅದನ್ನ ಒಳಗೆ ತಂದ್ರೆ ಬೂಷ್ಟು ಬರತ್ತೆ."

"ದೇವರ ಗೂಡಲ್ಲಿಟ್ಟಿದೀನಿ."

"ದೇವರ ಗೂಡಾದ್ರೂ ಬೂಷ್ಟಿಗೆ ಗೊತ್ತಾಗಲ್ಲ ಶಿವಕ್ಕ." ಆಮೇಲೆ ಮೆಲ್ಲಗೆ ಹೇಳಿದಳು: "ಇದು ಪ್ಲಾಸ್ಟಿಕ್ ತಟ್ಟೆ. ಮನುಷ್ಯರ ಮೈ ಇಷ್ಟು ಸರಳ ಅಲ್ಲ. ಆ ರಸದಿಂದಲೇ ಹೀಗಾಯ್ತು ಅಂತ ನಾನು ಹೇಳಕ್ಕಾಗಲ್ಲ, ಯಾರೂ ಹೇಳಕ್ಕಾಗಲ್ಲ."

ಓದಿದವರಿಗೆ ಎಲ್ಲದರಲ್ಲೂ ಅನುಮಾನ. ನನಗಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರು ಜಂಬಣ್ಣ ಡೈರಿಯ ಮೇಲೆ ಕೈಯಿಟ್ಟು, "ಯಾರಿಗೆ ಬರೀತಿ ಇಷ್ಟುದ್ದ? ನನ್ನ ಮ್ಯಾಲೆ ಚಾಡಿ ಏನಲ್ಲ ಹೌದಲ್ಲೋ?" ಅಂದರು. ರೊಟ್ಟಿ ಬಡಿಸಿದೆ.

ಆಗಸ್ಟ್ 4

ಮಾಡಿಬಿಟ್ಟೆ.

ಶನಿವಾರ, ಅರ್ಧ ದಿನ. ಹೇಮಾ ನಿನ್ನೆಯೇ ಆರು ಫ್ಲಾಸ್ಕಿಗೆ ಬೇರಿನ ರಸ ಹಾಕಿಟ್ಟಿದ್ದಳು, ಸೋಮವಾರ ಅವುಗಳ ಫೋಟೋ. ಎರಡರಲ್ಲಿ ಸಾಕು ಅಂದುಕೊಂಡೆ. ಸೋಮವಾರ ನಾಲ್ಕರಲ್ಲಿ ಸತ್ತಿದ್ದು ಎರಡರಲ್ಲಿ ಬದುಕಿದ್ದರೆ ಹೇಮಾಳೇ ಯಾಕೆ ಎಂದು ಕೇಳುತ್ತಾಳೆ, ಆಗ ಹೇಳುತ್ತೇನೆ.

ಎಲ್ಲ ಮಡಿಯಲ್ಲೇ ಮಾಡಿದೆ. ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ರಸವನ್ನು ಹಾಲು ಕಾಯಿಸಿದ ಹಾಗೆ ಮೂರು ಸಲ ಉಕ್ಕಿಸಿದೆ. ಲಿಂಗಪೂಜೆಗೆ ಇಟ್ಟಿದ್ದ ಹೊಸ ಬಿಳಿ ವಸ್ತ್ರದಲ್ಲಿ ಸೋಸಿ, ತೊಳೆದ ಸಣ್ಣ ಸೀಸೆಯಲ್ಲಿ ತುಂಬಿಕೊಂಡು ಬಂದೆ. ಹೇಮಾ ಊಟಕ್ಕೆ ಹೋದಾಗ ಕೈಗೆ ಸ್ಪಿರಿಟ್ ಹಚ್ಚಿ, ಬೂಷ್ಟು ಬರದ ಹಾಗೆ ಸೋಸಿದ ಗಾಳಿ ಬೀಸುವ ಗಾಜಿನ ಪೆಟ್ಟಿಗೆಯ ಮುಂದೆ ಕೂತು, ಸ್ಪಿರಿಟ್ ದೀಪ ಹಚ್ಚಿ, ಅವಳು ಮಾಡುವ ಹಾಗೆಯೇ ಮುಚ್ಚಳ ತೆರೆದೆ. ಒಂದೊಂದಕ್ಕೆ ಹತ್ತು ಹನಿ. ಆಗ ಬಾಯಲ್ಲಿ ಶಿವನ ಹೆಸರು ಬರಲಿಲ್ಲ, ಗಿರಿಜಾದೇವಿಯ ಹೆಸರು ಬಂತು.

ಹೊರಗೆ ಬಂದಾಗ ಪುಟ್ಟಲಕ್ಷ್ಮಿ ಬಕೆಟ್ ಹಿಡಿದು ನಿಂತಿದ್ದಳು. "ಒಳಗೆ ಒರೆಸ್ಲಾ ಅಕ್ಕಾ?"

"ಒರೆಸು."

ಆಗಸ್ಟ್ 6

ಫ್ಲಾಸ್ಕಿನಲ್ಲಿ ಹತ್ತಿ ಬಿಡಿಸಿ ಹಾಕಿದ ಹಾಗೆ ಬಿಳಿ ಬೂಷ್ಟು. ನನ್ನ ಎರಡರಲ್ಲಿ ದಟ್ಟವಾಗಿ. ಉಳಿದವುಗಳಲ್ಲೂ ಅಲ್ಲಲ್ಲಿ ಎಳೆ ಕಾಣುತ್ತಿದೆ. ಬದುಕಿದವೋ ಸತ್ತವೋ ನೋಡಲು ಏನೂ ಉಳಿದಿಲ್ಲ.

ಹೇಮಾ ಬೈಯಲಿಲ್ಲ, ಅಳಲಿಲ್ಲ. ಸ್ಟೂಲಿನ ಮೇಲೆ ಕೂತು ಒಂದೊಂದೇ ಫ್ಲಾಸ್ಕು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟಳು.

"ಎಲ್ಲಿಂದ ಬಂತು ಇದು? ಯಾರಾದ್ರೂ ಏನಾದ್ರೂ ಮಾಡಿದ್ರಾ ಶಿವಕ್ಕ? ನಿಮಗೇನಾದ್ರೂ ಗೊತ್ತಾ?"

"ಇಲ್ಲ."

ಆಗಸ್ಟ್ 8

ಇನ್ನೂ ಹಬ್ಬಿದೆ. ಮುಂದಿನ ಬಿತ್ತನೆಗೆಂದು ಬೇರೆ ಹಲಗೆಯಲ್ಲಿ ಇಟ್ಟಿದ್ದ ತಾಯಿ ಫ್ಲಾಸ್ಕುಗಳೂ ಹೋದವು. ಬೂಷ್ಟು ಹೊಕ್ಕ ಪೆಟ್ಟಿಗೆಯಲ್ಲೇ ಅವು ಇನ್ನೂ ಎರಡು ದಿನ ಇದ್ದವು.

ಪದ್ಮನಾಭ ಸರ್ ಎಲ್ಲರನ್ನೂ ನಿಲ್ಲಿಸಿ ಕೇಳಿದರು. ಶನಿವಾರ ಒಳಗೆ ಹೋದವರು ಯಾರು? ಪುಟ್ಟಲಕ್ಷ್ಮಿ ಕೈ ಎತ್ತಿದಳು, ಶಾಲೆಯ ಹುಡುಗಿಯ ಹಾಗೆ. ಹೋದ ವರ್ಷ ಆ ಕೋಣೆಯಲ್ಲಿ ಒಣ ಪೊರಕೆ ಆಡಿಸಿ ಬೈಸಿಕೊಂಡಿದ್ದಳಂತೆ. ಅದು ಎಲ್ಲರಿಗೂ ನೆನಪಿತ್ತು.

"ಸಾರ್, ಒದ್ದೆ ಬಟ್ಟೇಲೇ ಒರೆಸಿದ್ದು. ಶಿವಕ್ಕನ್ನ ಕೇಳಿ. ಶಿವಕ್ಕನೇ ಒರೆಸು ಅಂದ್ರು."

ಸರ್ ನನ್ನ ಕಡೆ ನೋಡಿದರು.

"ಒರೆಸು ಅಂದಿದ್ದು ಹೌದು," ಅಂದೆ. "ಹೇಗೆ ಒರೆಸಿದ್ಲು ನಾನು ನೋಡ್ಲಿಲ್ಲ."

ಎರಡೂ ನಿಜವೇ.

ಆಗಸ್ಟ್ 9

ಕಂಟ್ರಾಕ್ಟಿನವನು ಪುಟ್ಟಲಕ್ಷ್ಮಿಗೆ ಬರಬೇಡ ಅಂದನಂತೆ. ಹೊಸಬಳು ಬಂದಿದ್ದಾಳೆ, ಮಾತಾಡುವುದಿಲ್ಲ.

ಇದೂ ಗಿರಿಜಾದೇವಿಯಿಂದಲೇ. ಅವಳು ಆ ಬಾಟಲಿ ತರದೇ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಇದನ್ನೂ ಅವಳ ತಲೆಗೇ ಕಟ್ಟುತ್ತೇನೆ.

ಆಗಸ್ಟ್ 13

ಮೊದಲ ಶ್ರಾವಣ ಸೋಮವಾರ. ಬಳಗಕ್ಕೆ ಹೋದೆ. ಏಳಲಿಲ್ಲ. ಎದ್ದರೆ ಫೋಟೋ ಎಲ್ಲಿ ಅನ್ನುತ್ತಾರೆ.

ಆಗಸ್ಟ್ 21

ಪುಣೆಯಿಂದ ಹೊಸ ಕೋಶಗಳು ಬಂದವು. ಮಂಜಿನಲ್ಲಿ ಹೆಪ್ಪುಗಟ್ಟಿಸಿ ಕಳಿಸಿದ್ದರು. ಹೇಮಾ ಬೆಚ್ಚನೆ ನೀರಿನಲ್ಲಿ ಕರಗಿಸಿ ಫ್ಲಾಸ್ಕಿಗೆ ಹಾಕಿದಳು. ಒಂದಿಷ್ಟು ಸತ್ತಿದ್ದವು, ಒಂದಿಷ್ಟು ತೇಲುತ್ತಿದ್ದವು. ತಳಕ್ಕೆ ಅಂಟಿಕೊಂಡರೆ ಬದುಕಿದ ಹಾಗೆ ಅಂದಳು. ಪೆಟ್ಟಿಗೆಯ ಬಿಸಿ ಮೂವತ್ತೇಳೇ ಇದೆಯಾ ಎಂದು ಇವತ್ತು ನಾಲ್ಕು ಸಲ ಹೋಗಿ ನೋಡಿದೆ. ಕರೆಂಟು ಹೋದಾಗ ಜನರೇಟರ್ ಹಾಕಲು ಕೆಳಗೆ ಓಡಿದವಳೂ ನಾನೇ.

"ಇವು ಯಾರವು ಅಂತ ಗೊತ್ತಾ ಶಿವಕ್ಕ? ಅಮೆರಿಕದಲ್ಲಿ ಒಬ್ಬ ಸನ್ಯಾಸಿನಿ ಇದ್ರು. ಕ್ರೈಸ್ತರು. ಎಪ್ಪತ್ತನೇ ಇಸವೀಲಿ ತೀರ್ಕೊಂಡ್ರು. ಅವರ ಮೈಯಿಂದ ತೆಗೆದಿದ್ದು ಇನ್ನೂ ಬೆಳೀತಾನೇ ಇದೆ. ಪ್ರಪಂಚದ ಎಷ್ಟೋ ಲ್ಯಾಬುಗಳಲ್ಲಿ ಇವರೇ ಇರೋದು."

ದೇವರಿಗೆ ತನ್ನನ್ನು ಕೊಟ್ಟುಕೊಂಡವಳನ್ನೂ ಇವು ಬಿಡಲಿಲ್ಲ. ಆಕೆಗೆ ಆರೈಕೆ ಮಾಡಿದವರು ಯಾರೋ. ಅಕ್ಕ ಇದ್ದಳೋ ಏನೋ.

ಹೇಮಾ ಲೆಕ್ಕ ಹಾಕಿದ್ದಾಳೆ. ಈಗ ಶುರು ಮಾಡಿದರೂ ಡಿಸೆಂಬರಿಗೆ ಮುಗಿಯುವುದಿಲ್ಲ. ಫೆಲೋಶಿಪ್ ಇಲ್ಲದೆ ಆರು ತಿಂಗಳು ಹೇಗೆ ಎಂದು ಅಪ್ಪನ ಹತ್ತಿರ ಫೋನಿನಲ್ಲಿ ಮಾತಾಡುತ್ತಿದ್ದಳು.

ಆಗಸ್ಟ್ 27

ಮೂರನೇ ಶ್ರಾವಣ ಸೋಮವಾರ. ಹಜಾರ ತುಂಬಿ ಮೆಟ್ಟಿಲ ಮೇಲೂ ಹೆಂಗಸರು. ಹಾಡು ಮುಗಿದ ಮೇಲೆ, ಮಂಗಳಾರತಿಗೆ ಮುಂಚೆ, ಯಾರಾದರೂ ಅನುಭವ ಹೇಳುತ್ತೀರಾ ಎಂದು ಅಧ್ಯಕ್ಷೆ ಕೇಳುವುದು ನಮ್ಮ ಬಳಗದ ಪದ್ಧತಿ. ಗಿರಿಜಾದೇವಿ ಕೇಳಿದಳು. ಎದ್ದೆ. ಫೋಟೋ ಇಲ್ಲದಿದ್ದರೂ ಎದ್ದೆ. ಇನ್ನು ಒಳಗಿಟ್ಟುಕೊಂಡರೆ ನಾನೇ ಸಿಡಿಯುತ್ತಿದ್ದೆ.

"ನನ್ನ ತಂಗಿ ಮುತ್ತವ್ವ ನಿಮಗೆಲ್ಲ ಗೊತ್ತು," ಅಂದೆ. "ಆಸ್ಪತ್ರೆ ಔಷಧಿ ಅವಳ ಒಳಗೆ ಕ್ಯಾನ್ಸರಿಗೆ ಕಿಡಿ ಹಚ್ತಾ ಇತ್ತು. ಈ ಗಿರಿಜಾದೇವಿಯವರ ರಸ ಕಿಡಿ ಆರಿಸ್ತು. ನಾನು ಲ್ಯಾಬಲ್ಲಿ ಕಣ್ಣಾರೆ ನೋಡಿದೀನಿ, ಕಿಡಿ ಆರಿದ್ರೆ ಕ್ಯಾನ್ಸರ್ ಬದುಕತ್ತೆ. ಇವರು ಮಾರಿದ್ದು ಔಷಧಿಯಲ್ಲ. ಇವರು ನನ್ನ ತಂಗಿಯನ್ನ ಕೊಂದ್ರು."

ಯಾರೋ ತಾಳ ಕೆಳಗಿಟ್ಟ ಸದ್ದು. ಗಿರಿಜಾದೇವಿಯ ಮುಖ ಬಿಳುಪೇರಿತು. ನನಗೆ ಬೇಕಾಗಿದ್ದದ್ದು ಅದೇ. ಒಂದು ಗಳಿಗೆ ಎಷ್ಟು ಹಿತವಾಯಿತು ಎಂದು ಬರೆಯದಿದ್ದರೆ ಸುಳ್ಳಾಗುತ್ತದೆ.

"ಕೂತ್ಕೊಳ್ಳಿ ಶಿವಕ್ಕ."

"ಕೂರಲ್ಲ."

"ಸರಿ, ನಿಂತೇ ಕೇಳಿ. ಒಳ್ಳೇದು ಅಂತ ನಂಬಿ ಮಾರಿದೆ. ನನಗೆ ಲಾಭ ಬರ್ತಿತ್ತು, ಅದೂ ಹೌದು. ಆದ್ರೆ ಎರಡನೇ ಬಾಟಲಿ ತಗೊಂಡು ಹೋಗುವಾಗ ಇದೇ ಬಾಗಿಲಲ್ಲಿ ನಾನೇನಂದೆ? ಕೀಮೋ ನಡೀತಿದೆ, ಡಾಕ್ಟ್ರನ್ನ ಒಂದು ಮಾತು ಕೇಳಿ ಅಂದೆ. ನೀವೇನಂದ್ರಿ?"

ನಾನು ಆ ಬಾಗಿಲ ಕಡೆ ನೋಡಿದೆ.

ಮೂಲೆಯಲ್ಲಿ ಕೂತಿದ್ದ ಹಿರಿಯಾಕೆ ಹನುಮವ್ವ ಕೇಳಿದರು, "ಏನಂದ್ಯವ್ವಾ? ಹೇಳು."

"ಡಾಕ್ಟ್ರು ಬೇಡ ಅಂತಾರೆ, ಕೇಳೋದೇ ಬೇಡ ಅಂದೆ."

"ಹಂಗಾರೆ ಕೇಳಲೇ ಇಲ್ಲ ಅನ್ನು."

ಇಲ್ಲ ಎಂದು ಕೂತುಬಿಡಬಹುದಿತ್ತು. ಬಾಯಿ ತಾನೇ ಮುಂದೆ ಹೋಯಿತು. "ನಾನು ಕೇಳ್ಲಿಲ್ಲ. ಅವರೇ ಕೇಳಿದ್ರು. ಪ್ರತಿ ಸಲ ಕೇಳೋರು, ಬೇರೆ ಏನಾದ್ರೂ ಕೊಡ್ತಿದೀರೇನಮ್ಮ, ನಾಟಿ ಔಷಧಿ, ಟಾನಿಕ್ಕು. ಇಲ್ಲ ಅಂದೆ. ಆರು ಸಲ ಇಲ್ಲ ಅಂದೆ."

ಮಂಗಳಾರತಿ ಆಯಿತು. ಇಬ್ಬರು ಹೆಂಗಸರು ತಮ್ಮ ಚೀಲದಿಂದ ಬಾಟಲಿ ತೆಗೆದು ಗಿರಿಜಾದೇವಿಯ ಮುಂದಿಟ್ಟು ಹೋದರು.

ಆಗಸ್ಟ್ 28, ಬೆಳಿಗ್ಗೆ

ಪೂಜೆಗೆ ಕೂತಿಲ್ಲ. ಮೊದಲು ಇದನ್ನು ಬರೆಯುತ್ತೇನೆ.

ಮುತ್ತವ್ವನ ಬಾಯಿ ತುಂಬ ಹುಣ್ಣಾಗಿತ್ತು. ರಸ ಹುಳಿ. ದಿನಾ ಬೆಳಿಗ್ಗೆ ತೀರ್ಥ ಕೊಟ್ಟ ಮೇಲೆ ಎರಡು ಚಮಚ. "ಅಕ್ಕಾ, ಉರೀತೈತಿ, ಇವತ್ತೊಂದಿನ ಬ್ಯಾಡ," ಅನ್ನುತ್ತಿದ್ದಳು. ಎಡಗೈಯಲ್ಲಿ ಗದ್ದ ಹಿಡಿದು ಬಲಗೈಯಲ್ಲಿ ಹಾಕುತ್ತಿದ್ದೆ. "ಕುಡಿ ಅಂದ್ರೆ ಕುಡಿ." ಗಿರಿಜಾದೇವಿ ಒಂದು ದಿನವೂ ಅಲ್ಲಿರಲಿಲ್ಲ. ನಾನು ಕುಡಿಸಿದೆ.

ಆಗಸ್ಟ್ 28, ಸಂಜೆ

ಪದ್ಮನಾಭ ಸರ್ ಕೋಣೆಗೆ ಹೋಗಿ ಹೇಳಿದೆ. ಹೇಮಾಳನ್ನೂ ಕರೆಸಿದೆ, ಎರಡು ಸಲ ಹೇಳುವ ಶಕ್ತಿ ಇರಲಿಲ್ಲ.

ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹನ್ನೊಂದು ವರ್ಷ ಆಯ್ತಲ್ಲಮ್ಮ ನೀವು ಬಂದು," ಅಂದರು. ನಾಳೆಯಿಂದ ಮತ್ತೆ ಕೆಳಗೆ ಕೆಮಿಸ್ಟ್ರಿಗೆ. ಮೇಲಿನ ಮಹಡಿಗೆ ಕಾಲಿಡುವಂತಿಲ್ಲ. ನಡೆದದ್ದನ್ನು ನನ್ನ ಕೈಯಲ್ಲೇ ಬರೆದುಕೊಡಬೇಕು. ಬರೆದುಕೊಟ್ಟೆ. ಪುಟ್ಟಲಕ್ಷ್ಮಿಯದೇನೂ ತಪ್ಪಿಲ್ಲ ಎಂಬ ಸಾಲನ್ನು ಮೊದಲು ಬರೆದೆ.

ಹೇಮಾ ಮೆಟ್ಟಿಲ ತನಕ ಬಂದಳು. ಅವಳ ಮುಖ ನೋಡಲಾಗಲಿಲ್ಲ.

"ಮಾಡಿದ್ದಕ್ಕೆ ಕೋಪ ಇಲ್ಲ ಶಿವಕ್ಕ. ಇದೆ, ಆದ್ರೂ ಅದು ಬೇರೆ. ಬೂಷ್ಟು ಬಂದ ಸೋಮವಾರ ನಾನು ಕೇಳಿದೆನಲ್ಲ, ನಿಮಗೇನಾದ್ರೂ ಗೊತ್ತಾ ಅಂತ. ಆಗ ಹೇಳಿದ್ರೆ ತಾಯಿ ಫ್ಲಾಸ್ಕುಗಳನ್ನ ಅವತ್ತೇ ಬೇರೆ ಪೆಟ್ಟಿಗೆಗೆ ಹಾಕ್ತಿದ್ದೆ. ಅವು ಉಳೀತಿದ್ವು."

"ಮುತ್ತವ್ವನೂ ಉಳೀತಿದ್ಲಾ ಹೇಮಾ? ಡಾಕ್ಟ್ರಿಗೆ ಹೇಳಿದ್ದಿದ್ರೆ?"

ಬೇರೆ ಯಾರಾದರೂ ಆಗಿದ್ದರೆ ಸಮಾಧಾನದ ಮಾತು ಹೇಳುತ್ತಿದ್ದರು.

"ಗೊತ್ತಿಲ್ಲ ಶಿವಕ್ಕ. ಉಳೀತಿರ್ಲಿಲ್ವೇನೋ. ಈಗ ಗೊತ್ತು ಮಾಡ್ಕೊಳ್ಳೋಕೆ ದಾರಿ ಇಲ್ಲ. ಅದಕ್ಕೇ ಡಾಕ್ಟ್ರುಗಳು ಮೊದಲೇ ಕೇಳೋದು."

ಸೆಪ್ಟೆಂಬರ್ 1

ದೀಪಾಂಜಲಿ ನಗರಕ್ಕೆ ಹೋಗಿದ್ದೆ. ಹುಡುಕಿ ಹುಡುಕಿ ಮನೆ ಸಿಕ್ಕಿತು, ನಲ್ಲಿಕಟ್ಟೆಯ ಎದುರಿನ ಸಾಲು. ಪುಟ್ಟಲಕ್ಷ್ಮಿ ಬಾಗಿಲಲ್ಲೇ ನಿಂತಳು, ಒಳಗೆ ಬಾ ಅನ್ನಲಿಲ್ಲ.

"ವಾಪಸ್ ಬಾ ಅಂತ ಹೇಳಿ ಕಳ್ಸಿದಾರೆ ಸರ್. ತಪ್ಪು ನಂದು ಅಂತ ಬರೆದುಕೊಟ್ಟಿದೀನಿ."

"ಹೇಳಿದ್ರು ಕಂಟ್ರಾಕ್ಟ್‌ನೋರು. ಬರಲ್ಲ ನಾನು. ಕೆಂಗೇರಿ ಹತ್ರ ಛತ್ರದಲ್ಲಿ ಪಾತ್ರೆ ತಿಕ್ಕಕ್ಕೆ ಸೇರ್ಕೊಂಡಿದೀನಿ. ಎರಡು ಬಸ್ಸು ಬದಲಾಯಿಸ್ಬೇಕು. ಆದ್ರೂ ಬರಲ್ಲ."

"ಪುಟ್ಟಲಕ್ಷ್ಮಿ—"

"ನಿಮ್ಮನ್ನ ಅಕ್ಕಾ ಅಂತಿದ್ದೆ. ಎಲ್ರ ಮುಂದೆ ಶಿವಕ್ಕನ್ನ ಕೇಳಿ ಅಂದೆ. ಯಾಕಂದ್ರೆ ನೀವು ಸುಳ್ಳು ಹೇಳೋರಲ್ಲ ಅಂತ. ಮೂರು ವಾರ. ಮೂರು ವಾರ ನನ್ನ ಮಗಳು ಕೇಳ್ತಿದ್ಲು, ಅವ್ವಾ ಏನು ಕೆಡಿಸ್ದೆ ಅಲ್ಲಿ ಅಂತ. ನಿಮಗೆ ಹಣೆ ತುಂಬ ವಿಭೂತಿ ಬೇರೆ." ಬಾಗಿಲು ಎಳೆದುಕೊಳ್ಳುತ್ತ ಹೇಳಿದಳು, "ಹೋಗ್ರಿ. ನಿಮಗೆ ಒಳ್ಳೇದಾಗಲ್ಲ."

ಕಟ್ಟೆಯ ಹತ್ತಿರ ನೀರು ಹಿಡಿಯುತ್ತಿದ್ದ ಅವಳ ಮಗಳು ನನ್ನನ್ನು ನೋಡಿ, "ನೀವೇನಾ ಶಿವಕ್ಕ?" ಎಂದು ಕೇಳಿದಳು. ಹೌದು ಅಂದೆ. "ಅವ್ವ ಛತ್ರದಲ್ಲಿ ದೊಡ್ಡ ಹಂಡೆ ತಿಕ್ಕೋವಾಗೆಲ್ಲ ನಿಮ್ಮ ಹೆಸರು ಹೇಳಿ ಬಯ್ಕೊಂಡು ತಿಕ್ಕುತ್ತೆ."

ಮನೆಗೆ ಬಂದು ಈ ಡೈರಿಯ ಹಿಂದಿನ ಹಾಳೆಗಳನ್ನು ತಿರುಗಿಸಿದೆ. ಗಿರಿಜಾದೇವಿ, ಗಿರಿಜಾದೇವಿ, ಗಿರಿಜಾದೇವಿ. ಪುಟ್ಟಲಕ್ಷ್ಮಿಗೆ ಬರೆಯಲು ಬರುವುದಿಲ್ಲ, ಅವಳು ಹಂಡೆಗೆ ಹೇಳಿಕೊಳ್ಳುತ್ತಾಳೆ.

ನಾಡಿದ್ದು ನಾಲ್ಕನೇ ಶ್ರಾವಣ ಸೋಮವಾರ. ಬಳಗಕ್ಕೆ ಹೋಗುವುದಿಲ್ಲ. ಕೆಂಗೇರಿಯ ಛತ್ರ ಯಾವುದು ಎಂದು ಆ ಹುಡುಗಿಯ ಹತ್ತಿರ ಕೇಳಿಕೊಂಡು ಬಂದಿದ್ದೇನೆ. ಅಲ್ಲಿಗೆ ಹೋಗಿ ಎದುರಿಗೆ ಕೂರುತ್ತೇನೆ. ಹಂಡೆಗೆ ಬೈದದ್ದು ಸಾಕು, ನನ್ನ ಮುಖಕ್ಕೇ ಬೈಯಲಿ.